ಆಮೆಗೆ ಜೋಡಿ ಕಟ್ಟಿದ ಮಳೆಗಾಲ

ಅದು 2024ರ ಆಷಾಢ. ಹಿರಣ್ಯಕೇಶಿ ಹೊಳೆ ತುಂಬಿ ನಮ್ಮ ಗಡಹಿಂಗ್ಲಜದ ಸುತ್ತಲಿನ ಸಣ್ಣ ಸೇತುವೆಗಳೆಲ್ಲ ಒಂದು ದಿನ ಮುಳುಗುವುದು, ಒಂದು ದಿನ ಏಳುವುದು ನಡೆದಿತ್ತು. ಕರೆಂಟಿನ ಭರವಸೆ ಇರಲಿಲ್ಲ. ಒಗೆದ ಬಟ್ಟೆ ಒಣಗದೆ ಮನೆಯ ತುಂಬ ಹಗ್ಗ ಕಟ್ಟಿದ್ದೆ. ಅಂಥ ದಿನಗಳಲ್ಲಿ ನಡೆದ ಈ ಸಂಗತಿಯನ್ನು ಬರೆಯಬೇಕೆಂದು ಬಹಳ ಸಲ ಅಂದುಕೊಂಡಿದ್ದೆ.

ನಾನು ಕೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು. ಬೆಳಿಗ್ಗೆ ಐದಕ್ಕೆ ಏಳುವುದು, ಹೊತ್ತು ಮುಳುಗುವ ಮೊದಲು ಊಟ ಮುಗಿಸುವುದು, ಇವೆರಡರ ನಡುವೆ ಯಾವ ಕೆಲಸ ಯಾವಾಗ ಎಂಬುದು ನಮ್ಮ ಮನೆಯಲ್ಲಿ ಮೊದಲೇ ಗೊತ್ತಾಗಿರುತ್ತದೆ. ನಮ್ಮ ಮನೆಯವರು ಹತ್ತಿರದ ನೂಲ ಎಂಬ ಹಳ್ಳಿಯ ರೈತರು. ಹೊಲವನ್ನು ತಮ್ಮ ಬಾಬುವಿಗೆ ಒಪ್ಪಿಸಿ ಗಡಹಿಂಗ್ಲಜಕ್ಕೆ ಬಂದು ನೆಲೆಸಿದ ಮೇಲೂ ಅವರ ಮಾತೆಲ್ಲ ಎತ್ತು, ಜೋಳದ ಕಣಕಿ, ನೊಗದ್ದೇ. ನನ್ನನ್ನು ಅವರು ಹೆಸರು ಹಿಡಿದು ಕರೆಯುವುದಿಲ್ಲ. 'ಮೇಟ್ರನ್' ಅನ್ನುತ್ತಾರೆ, ಅದರಲ್ಲಿ ಹೆದರಿಕೆ ಸ್ವಲ್ಪ, ಚೇಷ್ಟೆ ಹೆಚ್ಚು.

ಹಿಂದಿನ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದವು. ಮಾತು ಬೇಗ ಮರಳಿತು, ಕೈಯೂ ಸುಧಾರಿಸಿತು. ಕಾಲಿಗೆ ಮಾತ್ರ ಅವರೇ ಮನಸ್ಸು ಮಾಡಬೇಕಿತ್ತು. ದಿನಾ ನಡೆಯದಿದ್ದರೆ ಆ ಕಾಲು ಕೋಲಿನಂತೆ ಆಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಎಷ್ಟೋ ರೋಗಿಗಳನ್ನು ನಡೆಸಿದ ನಾನು ಸ್ವಂತ ಗಂಡನನ್ನು ಮಂಚದಿಂದ ಬಾಗಿಲ ತನಕ ನಡೆಸಲಾರದೆ ಸೋತೆ. ಗದರಿದರೆ ಮುಖ ತಿರುಗಿಸುತ್ತಿದ್ದರು. ಬೇಡಿಕೊಂಡರೆ, "ನಾಳೆ ನೋಡೂಣು" ಅನ್ನುತ್ತಿದ್ದರು.

ಅದೇ ವೇಳೆಗೆ ಕೊಲ್ಲಾಪುರದಲ್ಲಿದ್ದ ಅವರ ತಂಗಿಯ ಮಗಳು ತಾನು ಸಾಕಿದ ಆಮೆಯನ್ನು ನಮಗೆ ಕೊಟ್ಟಳು. ಅದು ಆಫ್ರಿಕಾ ಕಡೆಯ ನೆಲದ ಆಮೆ. ಸರಕಾರದಲ್ಲಿ ನೋಂದಣಿ ಆದದ್ದು. ಅವಳು ಮೂರನೇ ಮಹಡಿಯ ಮನೆಗೆ ಹೋಗುವವಳಿದ್ದಳು, ಅಲ್ಲಿ ಇದಕ್ಕೆ ತಿರುಗಾಡಲು ಜಾಗವಿರಲಿಲ್ಲ. ಹಿಟ್ಟು ನಾದುವ ಪರಾತದಷ್ಟು ಅಗಲ, ತುಂಬಿದ ಕೊಡದಷ್ಟು ಭಾರ. ಹುಲ್ಲು, ಕಣಕಿ, ದಾಸವಾಳದ ಹೂ ತಿನ್ನುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟು, ನಿಂತು, ಅಂಗಡಿ ಅಂಗಡಿಯ ವಸೂಲಿಗೆ ಹೊರಟವರಂತೆ ಅತ್ತಿತ್ತ ನೋಡಿ, ಮತ್ತೆ ನಡೆಯುತ್ತಿತ್ತು. ಆ ನಡಿಗೆ ನೋಡಿಯೇ ನಮ್ಮ ಮನೆಯವರು ಅದಕ್ಕೆ 'ಸಾವಕಾರ' ಎಂದು ಹೆಸರಿಟ್ಟರು.

ಬಂದ ಎರಡನೇ ದಿನವೇ ಸಾವಕಾರ ಅಂಗಳ ದಾಟಿ ಗಟಾರಿನ ಕಡೆ ಹೊರಟಿತು. ನಾನು ಹಿತ್ತಲಲ್ಲಿದ್ದೆ. ಇವರು ಮಂಚದ ಮೇಲಿಂದ ಕೂಗಿದರು, ನನಗೆ ಕೇಳಲಿಲ್ಲ. ನಾನು ಬಂದು ನೋಡಿದಾಗ ಇವರು ಕೋಲು ಊರಿಕೊಂಡು ಗೇಟಿನ ಹತ್ತಿರ ಆಮೆಗೆ ಅಡ್ಡ ನಿಂತು, "ಹೋ ಹೋ, ಹೊಳ್ಳ ಈ ಕಡೆ" ಎಂದು ಎತ್ತಿಗೆ ಹೇಳುವಂತೆ ಹೇಳುತ್ತಿದ್ದರು. ಬೆವರು ಹರಿಯುತ್ತಿತ್ತು. ನಾನು ಒಂದೂ ಮಾತಾಡದೆ ಒಳಗೆ ಹೋದೆ. ಮಾತಾಡಿದ್ದರೆ ಕೂತುಬಿಡುತ್ತಿದ್ದರು.

ಅಂದಿನಿಂದ ಅದೇ ಅವರ ಔಷಧವಾಯಿತು. ಬೆಳಿಗ್ಗೆ ಸಾವಕಾರನನ್ನು ಬಿಟ್ಟ ಕೂಡಲೇ ಇವರೂ ಹಿಂದೆ ಏಳುತ್ತಿದ್ದರು. ಅದು ನಿಂತರೆ ಇವರೂ ನಿಲ್ಲುತ್ತಿದ್ದರು, ಅದು ನಡೆದರೆ ಇವರೂ ನಡೆಯುತ್ತಿದ್ದರು. ಲಕ್ವಾ ಹೊಡೆದ ಕಾಲಿಗೆ ಅದಕ್ಕಿಂತ ಹೊಂದುವ ಜೊತೆಗಾರ ಸಿಗಲಾರ. ಮಳೆಗಾಲ ಬರುವ ಹೊತ್ತಿಗೆ ಅಂಗಳವನ್ನು ಹಲವು ಸುತ್ತು ಹಾಕುವಷ್ಟು ಆಗಿದ್ದರು.

ಇಷ್ಟಾದ ಮೇಲೆ ಆಷಾಢದ ಒಂದು ಮಧ್ಯಾಹ್ನ ಮೈದುನ ಬಾಬು ನೂಲದಿಂದ ಮೋಟಾರ್ ಸೈಕಲ್ಲಿನ ಮೇಲೆ ಗೋಣಿಚೀಲ ಕಟ್ಟಿಕೊಂಡು ಬಂದ. ಕಬ್ಬಿನ ಹೊಲದ ಬದುವಿನ ಮೇಲೆ ಸಿಕ್ಕಿತು ಎಂದು ಚೀಲ ಬಿಚ್ಚಿದ. ಅಂಗೈಗಿಂತ ತುಸು ದೊಡ್ಡ ಆಮೆ. ಕರಿ ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರಗಳು, ಕಸೂತಿ ಹಾಕಿದಂತೆ.

"ವೈನಿ, ನಿಮ್ಮ ಸಾವಕಾರಗ ಜೋಡಿ ತಂದೀನಿ ನೋಡ್ರಿ" ಅಂದ.

ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂಬುದು ನನಗೆ ಗೊತ್ತಿತ್ತು. ಕೂಡಲೇ ಅವನ ಕೈಯಿಂದ ಅರಣ್ಯ ಇಲಾಖೆಗೆ ಫೋನ್ ಮಾಡಿಸಿದೆ. ಈ ಕಡೆ ಈ ಜಾತಿ ಇರುವುದಿಲ್ಲ, ಯಾರೋ ಕದ್ದು ಸಾಕಿ ಬಿಟ್ಟಿರಬೇಕು, ರಸ್ತೆಯ ನೀರು ಇಳಿದ ಕೂಡಲೇ ಬಂದು ಒಯ್ಯುತ್ತೇವೆ, ಅಲ್ಲಿಯವರೆಗೆ ಎಲ್ಲಿಯೂ ಬಿಡಬೇಡಿ, ಯಾರಿಗೂ ಕೊಡಬೇಡಿ ಎಂದರು. ನಮ್ಮ ಮನೆಯಲ್ಲಿ ಇನ್ನೊಂದು ಆಮೆ ಇದೆ ಎಂದು ನಾವು ಹೇಳಲಿಲ್ಲ. ಹೇಳಬೇಕಾದ ಮಾತು ಅದು ಎಂದು ಹೊಳೆಯಲೇ ಇಲ್ಲ.

ಅದನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆಗೆ ನಮ್ಮ ಮನೆಯವರ ಹತ್ತಿರ ಉತ್ತರ ಸಿದ್ಧವಿತ್ತು. ಹೊಸ ಎತ್ತು ತಂದಾಗ ಅದನ್ನು ಬೇರೆ ಕಟ್ಟುವ ರೂಢಿ ಅವರ ಮನೆತನದಲ್ಲಿ ಇಲ್ಲ. ಬಂದ ದಿನವೇ ಹಳೆಯ ಎತ್ತಿನ ಪಕ್ಕದಲ್ಲಿ ಹೆಗಲಿಗೆ ಹೆಗಲು ತಾಗುವಂತೆ ಕಟ್ಟಿ, ಒಂದೇ ಗ್ವಾದಲಿಯಲ್ಲಿ ಮೇವು ಹಾಕುತ್ತಾರೆ. ಮೊದಲು ಹಾಯುತ್ತವೆ, ಒದೆಯುತ್ತವೆ. ಒಂದೇ ಗ್ವಾದಲಿಯ ಮೇವು ತಿಂದು, ಒಂದೇ ಬಾನಿಯ ನೀರು ಕುಡಿದು ಜೋಡಿಯಾಗುತ್ತವೆ. ಒಂಟಿ ಎತ್ತಿನಿಂದ ಯಾವ ಕೆಲಸವೂ ಆಗದು. ಹಾಗಾಗಿ ಒಂಟಿಯಾಗಿ ಯಾವುದನ್ನೂ ಸಾಕಬಾರದು ಎಂಬುದು ಅವರ ಅಪ್ಪನ ಕಾಲದಿಂದ ಬಂದ ಮಾತು.

"ಒಂದ ಗ್ವಾದಲ್ಯಾಗ ಹಾಕು. ನಾಕ ದಿನ ಕಿತ್ತಾಡ್ತಾವ, ಆಮ್ಯಾಲ ತಾವ ಕೂಡತಾವ" ಅಂದರು.

ಹೊಸ ರೋಗಿಯನ್ನು ನೋಡದೆ ಹಳೆಯವರ ಪಕ್ಕ ಮಲಗಿಸುವ ವಾರ್ಡು ನನ್ನದಾಗಿರಲಿಲ್ಲ. ಆ ಮಾತು ನಾಲಿಗೆಯ ತನಕ ಬಂತು. ಆದರೆ ಇವರು ಮಂಚದಿಂದ ತಾವೇ ಎದ್ದು, ವರಾಂಡದಲ್ಲಿದ್ದ ಸಾವಕಾರನ ಗೂಡಿನ ಹತ್ತಿರ ಹೋಗಿ, ಹಳೆಯ ಅಗಲ ತಟ್ಟೆಯೊಂದನ್ನು ಗ್ವಾದಲಿ ಎಂದು ನಡುವೆ ಇಡಿಸಿದ್ದರು. ಲಕ್ವಾ ಆದ ಮೇಲೆ ಇವರು 'ಹೀಗೆ ಮಾಡಿ' ಎಂದು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಅದನ್ನು ನೋಡುತ್ತ ನಾನು ಸುಮ್ಮನಾದೆ. ಜೊತೆಗೆ ಆಮೆ ಎಂದರೆ ಆಮೆಯೇ, ಎರಡೂ ನೆಲದ್ದೇ, ಎರಡೂ ಹುಲ್ಲು ತಿನ್ನುವಂಥವೇ, ಏನಾಗುತ್ತದೆ ಎಂದೂ ಅನ್ನಿಸಿತು.

ಮೊದಲ ದಿನ ಸಾವಕಾರ ಹೊಸಬನ ಕಡೆ ನೋಡಲೇ ಇಲ್ಲ. ಮರುದಿನ ಗಂಟಲ ಕೆಳಗಿನ ಚಿಪ್ಪಿನ ಕೊಂಬಿನಿಂದ ಅದನ್ನು ದೂಡತೊಡಗಿತು. ಗೋಡೆಯ ತನಕ ದೂಡಿ, ಅಲ್ಲಿ ಒತ್ತಿ ನಿಲ್ಲುತ್ತಿತ್ತು. "ಹಾಯಾಕತ್ತಾನ ನೋಡು, ಎತ್ತ ಹಂಗ" ಎಂದು ಇವರು ನಕ್ಕರು. ನಾನೂ ನಕ್ಕೆ. ಮತ್ತೊಂದು ಬೆಳಿಗ್ಗೆ ನೋಡಿದರೆ ನಕ್ಷತ್ರ ಆಮೆ ಬೆನ್ನಡಿಯಾಗಿ ಬಿದ್ದು ಕಾಲು ಆಡಿಸುತ್ತಿತ್ತು. ಎಷ್ಟು ಹೊತ್ತಿನಿಂದ ಹಾಗೆ ಬಿದ್ದಿತ್ತೋ. ಆಗ ನನ್ನ ನಗು ನಿಂತಿತು. ಯಾರನ್ನೂ ಕೇಳದೆ ಅದನ್ನು ಎತ್ತಿ ಬೇರೆ ಖೋಲಿಯಲ್ಲಿ ಬುಟ್ಟಿಯೊಳಗೆ ಇಟ್ಟೆ. ಆದರೆ ಅಷ್ಟರಲ್ಲಿ ಅವೆರಡೂ ಹಲವು ದಿನ ಒಂದೇ ತಟ್ಟೆಯಲ್ಲಿ ತಿಂದು ಒಂದೇ ತಾಟಿನ ನೀರಿಗೆ ಬಾಯಿ ಹಚ್ಚಿದ್ದವು.

ಮುಂದಿನ ವಾರ ಸಾವಕಾರ ಮೇವು ಬಿಟ್ಟಿತು. ದಾಸವಾಳ ಮೂಗಿನ ಹತ್ತಿರ ಹಿಡಿದರೂ ತಲೆ ಹೊರಗೆ ಬರಲಿಲ್ಲ. ಮಳೆ, ಚಳಿ, ಅದಕ್ಕೇ ಇರಬೇಕು ಎಂದುಕೊಂಡೆವು. ಆಮೇಲೆ ಒಂದು ಬೆಳಿಗ್ಗೆ ಅದು ಕುತ್ತಿಗೆ ಉದ್ದ ಮಾಡಿ ಬಾಯಿ ತೆರೆದು ಉಸಿರು ಎಳೆಯುವುದು ಕಂಡಿತು. ಮೂಗಿನಲ್ಲಿ ಗುಳ್ಳೆ. ಕಿವಿ ಹತ್ತಿರ ಒಯ್ದರೆ ಒಳಗೆ ಸಣ್ಣಗೆ ಕಟಕಟ ಸದ್ದು. ಆ ಸದ್ದು ಮನುಷ್ಯರ ಎದೆಯಲ್ಲಿ ನಾನು ಬಹಳ ಸಲ ಕೇಳಿದ್ದು.

ಇವರು ಎದ್ದು ಕೂತಿದ್ದರು, ಕೋಲು ಕೈಯಲ್ಲಿತ್ತು. "ಬಿಡು ಅದನ್ನ" ಅಂದರು. ಹುಷಾರಿಲ್ಲ ಅಂದೆ. ಕೋಲನ್ನು ಗೋಡೆಗೆ ಆನಿಸಿ ಮಲಗಿಬಿಟ್ಟರು. ಆ ದಿನ ನಡೆಯಲಿಲ್ಲ, ಮರುದಿನವೂ ನಡೆಯಲಿಲ್ಲ. ಜೋಡಿ ಕಟ್ಟಿಸಿದವನು ತಾನೇ ಎಂದು ಒಂದೇ ಸಲ ಅಂದರು. ಕೈಹಿಡಿದು ಎಬ್ಬಿಸಲು ಹೋದರೆ ಬಲಗಾಲು ಬಿಗಿದುಕೊಂಡಿತ್ತು. ಈ ಆಮೆ ಹೋದರೆ ಇವರು ಮತ್ತೆ ಮಂಚ ಬಿಡುವುದಿಲ್ಲ ಎಂಬುದು ನನಗೆ ಅಂದೇ ಖಾತ್ರಿಯಾಯಿತು.

ಊರಿನ ದನದ ಡಾಕ್ಟರು ಮಳೆಯಲ್ಲೇ ಬಂದರು. ನೋಡಿ, ಎಮ್ಮೆ ಹಸು ಇದ್ದರೆ ಹೇಳಿ, ಇದಕ್ಕೆ ಅಂದಾಜಿನ ಮೇಲೆ ಸೂಜಿ ಚುಚ್ಚುವುದಿಲ್ಲ, ಕೊಲ್ಲಾಪುರದಲ್ಲಿ ಇಂಥವನ್ನೇ ನೋಡುವ ಡಾಕ್ಟರಿದ್ದಾರೆ, ತಡ ಮಾಡಬೇಡಿ ಎಂದು ವಿಳಾಸ ಕೊಟ್ಟರು. ಮರುದಿನ ಬಾಬುವನ್ನು ಅಣ್ಣನ ಹತ್ತಿರ ಕೂಡಿಸಿ, ಸಾವಕಾರನನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಬಾಬು ಟಬ್ಬನ್ನು ನನ್ನ ಕಾಲ ಹತ್ತಿರ ಇಟ್ಟು ಇಳಿದ.

ಕಾಗಲ ದಾಟಿ ಗೋಕುಳ ಶಿರಗಾಂವದ ಹತ್ತಿರ ಬಂದಾಗ ಬಸ್ಸು ಗಕ್ಕನೆ ನಿಂತಿತು. ಮತ್ತೆ ಚಾಲು ಆಗಲಿಲ್ಲ. ಹಿಂದಿನಿಂದ ಬಂದ ಬಸ್ಸು ತುಂಬಿ ತುಳುಕುತ್ತಿತ್ತು. ಜನ ಹೇಗೋ ಹೊಕ್ಕರು. ಟಬ್ಬು ಹಿಡಿದ ಮುದುಕಿಗೆ ಅಲ್ಲಿ ಜಾಗವಿರಲಿಲ್ಲ. ಕಂಡಕ್ಟರು ಟಬ್ಬು ಇಳಿಸಿಕೊಟ್ಟು, ಮುಚ್ಚಿದ್ದ ಒಂದು ಚಹಾದಂಗಡಿಯ ತಗಡಿನ ಕೆಳಗೆ ನನ್ನನ್ನು ನಿಲ್ಲಿಸಿದರು. ಗಾಳಿಗೆ ಮಳೆ ಅಡ್ಡ ಹೊಡೆಯುತ್ತಿತ್ತು. ನಾನು ಟಬ್ಬಿನ ಮೇಲೆ ಛತ್ರಿ ಹಿಡಿದು ತೋಯುತ್ತ ನಿಂತೆ. ಕೈ ಮಾಡಿದ ಗಾಡಿಗಳು ನಿಲ್ಲಲಿಲ್ಲ.

ಕೊನೆಗೆ ಒಂದು ಬಿಳಿ ಗಾಡಿ ಮುಂದೆ ಹೋದದ್ದು ಹಿಂದೆ ಬಂತು. ಓಡಿಸುತ್ತಿದ್ದವರು ಐವತ್ತರ ಸುಮಾರಿನ ಹೆಣ್ಣುಮಗಳು. ಗಾಜು ಇಳಿಸಿ ಮೊದಲು ಮರಾಠಿಯಲ್ಲಿ ಕೇಳಿದರು. ನನ್ನ ಮರಾಠಿಯ ಉಚ್ಚಾರ ಕೇಳಿದ್ದೇ ಕನ್ನಡಕ್ಕೆ ಬಂದರು.

"ಮಾವಶಿ, ಛತ್ರಿ ಅದಕ್ಯಾಕ ಹಿಡದೀರಿ? ಕೂಸೈತೇನ ಅದರಾಗ?"

"ಆಮಿ ಐತಿ. ನ್ಯುಮೋನಿಯಾ ಆಗೇತಿ" ಅಂದೆ.

ಆಕೆ ಒಂದು ಕ್ಷಣ ನನ್ನ ಮುಖ ನೋಡಿದರು. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಇಳಿದು ಬಂದು ಟಬ್ಬಿಗೆ ತಾವೇ ಕೈ ಹಚ್ಚಿದರು. ಹಿಂದಿನ ಸೀಟಿನಲ್ಲಿ ಅದನ್ನು ಇಟ್ಟು, ಗಾಡಿಯ ಹೀಟರ್ ಹಾಕಿ, "ಯಾವ ಡಾಕ್ಟರ ಕಡೆ?" ಎಂದಷ್ಟೇ ಕೇಳಿದರು.

ಅವರ ಹೆಸರು ಶೋಭಾಬಾಯಿ. ತವರು ಮಗ್ಗಗಳ ಊರು ಇಚಲಕರಂಜಿ. ತಾಯಿ ಕನ್ನಡದವರು, ಮಗ್ಗದ ಸದ್ದಿನ ನಡುವೆ ಕೇಳಿಸಲೆಂದು ಕೂಗಿ ಮಾತಾಡಿಯೇ ತಮಗೆ ಈ ದೊಡ್ಡ ಗಂಟಲು ಬಂತು ಎಂದರು. ಗಂಡ ಹೆಂಡತಿ ಸೇರಿ ಶಿರಗಾಂವದಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಸಣ್ಣ ಫೌಂಡ್ರಿ ನಡೆಸುತ್ತಿದ್ದರು. ಹೊರಗಿನ ಓಡಾಟ ಗಂಡನದು, ಒಳಗಿನದೆಲ್ಲ ಇವರದು. ನಾನು ಯಾರು, ಆಮೆ ಏಕೆ, ಗಂಡನ ಕಾಲು ಹೇಗೆ ಇದಕ್ಕೆ ಗಂಟು ಬಿದ್ದಿದೆ ಎಂಬುದನ್ನೆಲ್ಲ ಕೇಳಿಕೊಂಡರು. ದವಾಖಾನೆಯ ಮುಂದೆ ಇಳಿಸಿ ಹೋಗುತ್ತಾರೆ ಎಂದುಕೊಂಡಿದ್ದೆ. ಗಾಡಿ ನಿಲ್ಲಿಸಿ ಟಬ್ಬು ಎತ್ತಿಕೊಂಡು ನನಗಿಂತ ಮುಂದೆ ಒಳಗೆ ನಡೆದರು.

ಡಾಕ್ಟರು ಹುಡುಗನಂತೆ ಕಾಣುತ್ತಿದ್ದರು. ಮಾತು ಮಾತ್ರ ನಿಧಾನ. ಸಾವಕಾರನ ಬಾಯಿ, ಮೂಗು, ಕಣ್ಣು ನೋಡಿ, ಎಕ್ಸ್‌ರೇ ತೆಗೆಸಿ, ಇದರ ಜೊತೆ ಬೇರೆ ಯಾವುದಾದರೂ ಆಮೆ ಇತ್ತೇ ಎಂದು ಕೇಳಿದರು. ನಾನು ಗ್ವಾದಲಿಯ ಸಂಗತಿ ಹೇಳಿದೆ. ಅವರು ಬೈಯಲಿಲ್ಲ. ಬಹಳ ಜನ ಹೀಗೇ ಮಾಡುತ್ತಾರೆ ಎಂದು ಹೇಳಿ ತಿಳಿಸಿಕೊಟ್ಟರು. ಇದರ ಸೀಮೆ ಆಫ್ರಿಕಾದ ಒಣ ನೆಲ, ಅದರದು ನಮ್ಮ ದೇಶದ್ದು. ಒಂದೊಂದು ಜಾತಿಯ ಮೈಯಲ್ಲಿ ಒಂದೊಂದು ಬಗೆಯ ರೋಗಾಣು ಇರುತ್ತವೆ. ಆ ಜಾತಿಗೆ ಅವು ರೂಢಿಯಾಗಿರುವುದರಿಂದ ಆಮೆಗಳು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತವೆ. ಅದೇ ರೋಗಾಣು ಬೇರೆ ಜಾತಿಗೆ ತಗಲಿದರೆ ಪ್ರಾಣಕ್ಕೆ ಬರುತ್ತದೆ. ಬೇಕಾಗುವ ತೇವ, ಬಿಸಿಲು, ಮೇವು ಕೂಡ ಒಂದೇ ಅಲ್ಲ. ದೊಡ್ಡದು ಚಿಕ್ಕದನ್ನು ಬೆನ್ನಡಿಯಾಗಿ ಕೆಡವಿದರೆ ಅದು ಹಾಗೆಯೇ ಸತ್ತೂ ಹೋಗಬಹುದು. ಅದಕ್ಕೇ ಬೇರೆ ಬೇರೆ ಜಾತಿಯ ಆಮೆಗಳನ್ನು ಒಂದೇ ಗೂಡಿನಲ್ಲಿ ಇಡಲೇಬಾರದು. ಒಂದೇ ಜಾತಿಯದಾದರೂ ಹೊಸದಾಗಿ ಬಂದದ್ದನ್ನು ತಿಂಗಳುಗಟ್ಟಲೆ ಬೇರೆ ಇಟ್ಟು ನೋಡಬೇಕು.

"ಹಂಗಾದ್ರ ಆ ಸಣ್ಣದರಿಂದನ ಬಂತೇನ್ರಿ ಇದು?" ಎಂದು ಕೇಳಿದೆ.

ಅದನ್ನು ಖಚಿತವಾಗಿ ಹೇಳಲಾಗದು ಎಂದರು. ಈ ಥಂಡಿ ಒಂದೇ ಸಾಕಿತ್ತು, ಮೇಲೆ ಸೋಂಕೂ ಸೇರಿರಬೇಕು. ಮೂರು ದಿನಕ್ಕೊಂದು ಇಂಜೆಕ್ಷನ್ ಕೊಡಬೇಕು. ನಾನು ನರ್ಸ್ ಎಂದು ತಿಳಿದು ಮುಂಗಾಲಿನಲ್ಲಿ ಎಲ್ಲಿ, ಹೇಗೆ ಚುಚ್ಚಬೇಕೆಂದು ತೋರಿಸಿಕೊಟ್ಟರು. ಆದರೆ ಆಮೆಯ ಮೈಗೆ ಸ್ವಂತ ಬಿಸಿ ಇಲ್ಲ, ಹಗಲೂ ರಾತ್ರಿ ಒಣ ಬೆಚ್ಚನೆ ಜಾಗದಲ್ಲಿ ಇಡದಿದ್ದರೆ ಔಷಧ ಹಿಡಿಯುವುದೇ ಇಲ್ಲ ಎಂದರು.

ನಮ್ಮ ಮನೆಯಲ್ಲಿ ಕರೆಂಟಿಲ್ಲ, ಗೋಡೆಗಳೆಲ್ಲ ಹಸಿ. ಇಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಡಾಕ್ಟರನ್ನು ಕೇಳಿದೆ. ಪಂಚಗಂಗೆ ಏರುತ್ತಿತ್ತು. ಅವರೇ ಕೆಳಗಿನ ಅಂತಸ್ತಿನ ಸಾಮಾನು ಮೇಲೆ ಸಾಗಿಸುತ್ತಿದ್ದರು, ಇದ್ದ ಪ್ರಾಣಿಗಳನ್ನೂ ಅವುಗಳ ಮನೆಗೆ ಕಳಿಸುತ್ತಿದ್ದರು. ಎಂಥ ವೇಳೆಯಲ್ಲೂ ಮುಂದಿನ ಕೆಲಸ ಏನೆಂದು ಗೊತ್ತಿರುವವಳು ನಾನು. ಆ ಹೊತ್ತು ಗೊತ್ತಾಗಲಿಲ್ಲ.

ಆಗ ಹಿಂದೆ ನಿಂತಿದ್ದ ಶೋಭಾಬಾಯಿ ಕೇಳಿದರು, "ಹೊಗಿ ಇರಬಾರದು, ಬೆಚ್ಚಗ ಒಣಾ ಇರಬೇಕು, ಅಷ್ಟ ಅಲ್ರಿ ಡಾಕ್ಟರ?"

ಅವರ ಫೌಂಡ್ರಿಯಲ್ಲಿ ಒಂದು ಖೋಲಿ ಇತ್ತು. ಎರಕದ ಅಚ್ಚು ತೆಗೆಯಲು ಬಳಸುವ ಮರದ ಮಾದರಿಗಳನ್ನು ಅದರಲ್ಲಿ ಇಡುತ್ತಾರೆ. ಪ್ಯಾಟರ್ನ್ ಅನ್ನುತ್ತಾರೆ ಅವಕ್ಕೆ. ಮಳೆಗಾಲದಲ್ಲಿ ಅವು ತೇವ ಹಿಡಿದು ಉಬ್ಬಿದರೆ ಮಾಲೆಲ್ಲ ಅಳತೆ ತಪ್ಪುತ್ತದೆ. ಹಾಗಾಗಿ ಮರಳಿನ ಅಚ್ಚು ಒಣಗಿಸುವ ಒಲೆಯ ಗೋಡೆಗೆ ಹೊಂದಿಸಿ ಆ ಖೋಲಿ ಕಟ್ಟಿಸಿದ್ದರು. ಒಲೆಯ ಬಾಯಿ ಆಚೆ, ಹೊಗೆಯೆಲ್ಲ ಆಚೆ. ಗೋಡೆಯ ಬಿಸಿ ಮಾತ್ರ ಈಚೆ. ಡಾಕ್ಟರು ಎರಡು ಮೂರು ಪ್ರಶ್ನೆ ಕೇಳಿ, ಇದಕ್ಕಿಂತ ಒಳ್ಳೆಯ ಜಾಗ ತಮಗೂ ಹೊಳೆಯುವುದಿಲ್ಲ ಎಂದರು.

ನಾನು ಒಪ್ಪಲು ಹಿಂಜರಿದೆ. ಒಂದು ತಾಸಿನ ಪರಿಚಯದ ಮೇಲೆ ಇಷ್ಟು ದೊಡ್ಡ ಭಾರ ಹೇಗೆ ಹೊರಿಸುವುದು? ನಿಮಗೆ ನಾನು ಗೊತ್ತಿಲ್ಲ, ನನಗೆ ನೀವು ಗೊತ್ತಿಲ್ಲ ಅಂದೆ.

"ಸಾವಕಾರ ಅಂತ ಹೆಸರ ಹೇಳೀರಲ್ಲ, ಪರಿಚಯ ಆತಲ್ಲ. ನಮ್ಮ ಫೌಂಡ್ರ್ಯಾಗ ಸಾವಕಾರ್ರು ಬಂದು ಇರೂದಂದ್ರ ಸಣ್ಣ ಮಾತೇನ್ರಿ? ನಡ್ರಿ, ಕತ್ತಲಾಗೂದ್ರಾಗ ನಿಮ್ಮ ಬಸ್ಸ ಹಿಡಿಸಬೇಕು" ಎಂದು ಟಬ್ಬು ಎತ್ತಿಯೇ ಬಿಟ್ಟರು.

ಆ ಖೋಲಿಗೆ ಕಾಲಿಟ್ಟಾಗ ಮೈಗೆ ಸುಖವೆನಿಸಿತು. ಎಷ್ಟೋ ದಿನದ ಮೇಲೆ ಒಣ ಗಾಳಿ. ಗೋಡೆಯ ಉದ್ದಕ್ಕೂ ಹಲಗೆಗಳ ಮೇಲೆ ಬಣ್ಣ ಬಳಿದ ಮರದ ಗಾಲಿಗಳು, ಹಲ್ಲಿನ ಚಕ್ರಗಳು. ಕೆಳಗೆ ಒಂದು ಮೂಲೆಯಲ್ಲಿ ಹುಲ್ಲು ಹಾಸಿ ಸಾವಕಾರನನ್ನು ಇಟ್ಟೆವು. ಮೊದಲ ಇಂಜೆಕ್ಷನ್ ಡಾಕ್ಟರೇ ಕೊಟ್ಟಿದ್ದರು. ಮುಂದಿನವುಗಳಿಗೆ ನಾನು ಮೂರು ದಿನಕ್ಕೊಮ್ಮೆ ಬರುವುದೆಂದು ಗೊತ್ತುಪಡಿಸಿಕೊಂಡೆ. ಶೋಭಾಬಾಯಿ ತಾವೇ ನನ್ನನ್ನು ಗಡಹಿಂಗ್ಲಜದ ಬಸ್ಸು ಹತ್ತಿಸಿದರು.

ಮನೆಗೆ ಬಂದಾಗ ಇವರು ಬರಿಗೈ ನೋಡಿ ಮುಖ ಗೋಡೆಗೆ ತಿರುಗಿಸಿದರು. ಸತ್ತಿತು ಎಂದುಕೊಂಡಿದ್ದರು. ನಡೆದದ್ದೆಲ್ಲ ಹೇಳಿದೆ. ನಂಬಿಕೆ ಬರಲಿಲ್ಲ. ಗುರುತಿಲ್ಲದವರ ಕೈಯಲ್ಲಿ ಕೊಟ್ಟು ಬಂದಿದ್ದಾಳೆ, ಇವಳಿಗೆ ತಲೆ ಕೆಟ್ಟಿದೆ ಎಂಬಂತೆ ಬಾಬುವಿನ ಕಡೆ ನೋಡಿದರು.

ಆಮೇಲಿನ ದಿನಗಳು ಹೀಗೆ ಹೋದವು. ಬೆಳಿಗ್ಗೆ ಇವರ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ, ಕಾಲು ತಿಕ್ಕಿಸಿಕೊಳ್ಳುತ್ತಿತ್ತು, ಮನುಷ್ಯ ಏಳುತ್ತಿರಲಿಲ್ಲ. ಮೂರು ದಿನಕ್ಕೊಮ್ಮೆ ಬಾಬು ಬಂದು ಕೂಡುತ್ತಿದ್ದ, ನಾನು ಶಿರಗಾಂವದ ಬಸ್ಸು ಹಿಡಿಯುತ್ತಿದ್ದೆ. ಇದರ ನಡುವೆ ರಸ್ತೆ ತೆರೆದು ಅರಣ್ಯ ಇಲಾಖೆಯವರು ಬಂದು ನಕ್ಷತ್ರ ಆಮೆಯನ್ನು ಒಯ್ದರು. ಡಾಕ್ಟರು ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಅದನ್ನು ಒಂಟಿಯಾಗಿ ಇಟ್ಟು ತಪಾಸಣೆ ಮಾಡಿಸಿದ ಮೇಲೆಯೇ ಅದರ ಜಾತಿಯವುಗಳ ಹತ್ತಿರ ಬಿಡುವುದಾಗಿ ಹೇಳಿದರು. ಹಾಗೆಯೇ ಮಾಡಿದರೆಂದು ಆಮೇಲೆ ಫೋನ್ ಮಾಡಿ ಕೇಳಿ ತಿಳಿದುಕೊಂಡೆ.

ಫೌಂಡ್ರಿಯ ಕೆಲಸಗಾರರಿಗೆ ಸಾವಕಾರ ಒಂದು ಮೋಜು. ನಾನು ಹೋದಾಗಲೆಲ್ಲ ಒಬ್ಬರಲ್ಲ ಒಬ್ಬರು ಬಂದು ವರದಿ ಒಪ್ಪಿಸುತ್ತಿದ್ದರು. "ಸುಪರ್‌ವೈಜರ್ ಸಾಹೇಬ್ರು ಇನ್ನೂ ಎದ್ದಿಲ್ರಿ. ಪಗಾರ ಕೇಳೂದಿಲ್ಲ, ಬೈಯೂದಿಲ್ಲ, ಇಂಥಾವ್ರು ಎಲ್ಲೂ ಸಿಗೂದಿಲ್ರಿ" ಅಂದ ಒಬ್ಬಾತ. ನಗುತ್ತಲೇ ಯಾರೂ ಆ ಬಾಗಿಲು ತೆರೆದಿಟ್ಟು ಹೋಗದಂತೆ ಅವರೇ ಕಾವಲಿದ್ದರು. ಭಾನುವಾರ ಒಲೆ ಆರಿಸುವ ದಿನ. ಆ ದಿನ ಶೋಭಾಬಾಯಿ ಮನೆಯಿಂದ ಬಂದು ಜನರೇಟರಿನ ಮೇಲೆ ಬಲ್ಬು ಹಚ್ಚಿ ಖೋಲಿ ತಣ್ಣಗಾಗದಂತೆ ನೋಡಿಕೊಂಡಿದ್ದರು. ಇದನ್ನು ಅವರು ನನಗೆ ಹೇಳಲಿಲ್ಲ. ಕೆಲಸಗಾರರಿಂದ ತಿಳಿಯಿತು.

ಮೂರನೇ ಇಂಜೆಕ್ಷನ್ ಆದರೂ ಸಾವಕಾರ ಮೇವು ಮುಟ್ಟಿರಲಿಲ್ಲ. ಉಸಿರಿನ ಸದ್ದು ಮಾತ್ರ ಇಳಿದಿತ್ತು. ನಾನು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಮನೆಯಲ್ಲಿ ನಾನು ಚಪ್ಪಲಿ ಬಿಡುವಾಗ ಇವರು ನನ್ನ ಮುಖ ನೋಡುತ್ತಿದ್ದರು.

ಆಮೇಲೆ ಒಂದು ಬೆಳಿಗ್ಗೆ ನಾನು ಅನ್ನಕ್ಕೆ ಇಟ್ಟಿದ್ದಾಗ ಫೋನ್ ಬಂತು. ಶೋಭಾಬಾಯಿ ವಿಡಿಯೋ ಕಾಲ್ ಮಾಡಿದ್ದರು. ಫೋನನ್ನು ನೆಲದ ಹತ್ತಿರ ಹಿಡಿದಿದ್ದರು. ಪರದೆಯ ತುಂಬ ಸಾವಕಾರನ ಬಾಯಿ. ಅದರಲ್ಲಿ ಅರ್ಧ ದಾಸವಾಳ. ಅದು ತನ್ನ ರೂಢಿಯಂತೆ ಅವಸರವಿಲ್ಲದೆ ಅಗಿಯುತ್ತಿತ್ತು. ನಾನು ಫೋನನ್ನು ಇವರ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದರು. ಹೂವು ಮುಗಿಯಿತು, ಇನ್ನೊಂದು ಕೊಟ್ಟರು, ಅದೂ ಮುಗಿಯಿತು.

"ಎಲ್ಲೈತಿ ಆ ಫೌಂಡ್ರಿ?" ಅಂದರು ಇವರು. "ನಾ ಬರತೀನಿ."

ಇನ್ನೂ ಇಂಜೆಕ್ಷನ್ ಇವೆ, ಮುಗಿದ ಮೇಲೆ ಕರೆತರುವಾಗ ಬನ್ನಿ ಅಂದೆ. ಅಂದಿನಿಂದ ಎಣ್ಣೆ ಹಚ್ಚುವಾಗ ತಾವೇ ಕಾಲು ಚಾಚಿ ಕೊಡತೊಡಗಿದರು. ಆದರೂ ಮಂಚ ಬಿಟ್ಟು ಬಾಗಿಲಿನ ಆಚೆ ಹೋಗಲಿಲ್ಲ. ಕಣ್ಣ ಮುಂದೆ ಸಾವಕಾರ ನಡೆಯದಿದ್ದರೆ ತಮ್ಮ ಹೆಜ್ಜೆ ಏಳುವುದಿಲ್ಲ ಎಂದರು.

ಡಾಕ್ಟರು ಒಪ್ಪಿದ ಮೇಲೆ ಶ್ರಾವಣದಲ್ಲಿ ಮಳೆ ಹೊಳವಾದ ಒಂದು ದಿನ ಬಾಬು ಬಾಡಿಗೆ ಗಾಡಿ ತಂದ. ಮೂವರೂ ಹೊರಟೆವು. ಫೌಂಡ್ರಿಯ ಗೇಟಿನಲ್ಲಿ ಕಬ್ಬಿಣದ ಲಾರಿ ಖಾಲಿಯಾಗುತ್ತಿತ್ತು. ಗಾಡಿ ಒಳಗೆ ಹೋಗುವಂತಿರಲಿಲ್ಲ. ಗೇಟಿನಿಂದ ಶೆಡ್ಡಿಗೆ ನಮ್ಮ ಅಂಗಳಕ್ಕಿಂತ ಬಹಳ ದೂರ, ನೆಲವೂ ಸಮ ಇಲ್ಲ. ನೀವು ಇಲ್ಲೇ ಕೂತಿರಿ, ನಾವೇ ತರುತ್ತೇವೆ ಎಂದು ನಾನು ಇಳಿದೆ. ಬಾಬುವನ್ನು ಕರೆದುಕೊಂಡು ಶೆಡ್ಡಿನ ಬಾಗಿಲ ತನಕ ಹೋದೆ. ಒಳಗಿನಿಂದ ಶೋಭಾಬಾಯಿ ಬಂದವರು ನನ್ನನ್ನು ದಾಟಿ ಹಿಂದೆ ನೋಡಿದರು.

"ಅಕ್ಕಾ, ನಿಮ್ಮ ಮನಿಯವರಿಗೆ ಕಾಲ ಬರೂದಿಲ್ಲ ಅಂದಿದ್ರಿ?"

ತಿರುಗಿದೆ. ಇವರು ಲಾರಿಯ ಪಕ್ಕದಿಂದ, ಮರಳಿನ ಗುಡ್ಡೆ ಸುತ್ತಿಕೊಂಡು, ಕೋಲು ಊರುತ್ತ ಬರುತ್ತಿದ್ದರು. ಮುಂದೆ ಯಾವ ಆಮೆಯೂ ಇರಲಿಲ್ಲ. ಬಲಗಾಲು ಎಳೆಯುತ್ತಿತ್ತು, ಆದರೆ ಬರುತ್ತಿತ್ತು. ಬಾಬು ಓಡಲು ಹೋದ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ. ಕೆಲಸಗಾರರು ಕೈಯ ಕೆಲಸ ಬಿಟ್ಟು ದಾರಿ ಬಿಟ್ಟರು. ಇವರು ನಮ್ಮ ಕಡೆ ನೋಡದೆ ನೇರ ಖೋಲಿಯ ಬಾಗಿಲಿಗೆ ಹೋಗಿ, ಒಂದು ಮರದ ಪೆಟ್ಟಿಗೆಯ ಮೇಲೆ ಕೂತು, "ಏನ್ ಸಾವಕಾರ, ಆರಾಮ ಇದ್ದೀಯಿಲ್ಲ?" ಎಂದು ಕೇಳಿದರು. ಅದು ಕುತ್ತಿಗೆ ಹೊರಗೆ ಹಾಕಿ, ಇವರ ಕೋಲಿನ ತುದಿಯನ್ನು ಮೂಸಿ, ಹುಲ್ಲಿನ ಕಡೆ ಹೊರಟಿತು.

ಈಗ ಇಬ್ಬರೂ ದಿನಾ ನಡೆಯುತ್ತಾರೆ, ಸಾವಕಾರ ಅಂಗಳದಲ್ಲಿ, ಇವರು ಓಣಿಯ ಕೊನೆಯವರೆಗೆ. ಒಂಟಿ ಆಮೆ ಪಾಪ, ಜೋಡಿ ತರಬಾರದೇ ಎಂದು ಬಂದವರು ಈಗಲೂ ಕೇಳುತ್ತ ಇರುತ್ತಾರೆ. ಅದಕ್ಕೆ ಉತ್ತರ ಹೇಳುವವಳು ನಾನಲ್ಲ, ಇವರೇ ಹೇಳುತ್ತಾರೆ. ಎತ್ತಿನ ಲೆಕ್ಕ ಎತ್ತಿಗೆ, ಬೇರೆ ಜಾತಿಯ ಎರಡು ಆಮೆ ಒಂದು ಗೂಡಿನಲ್ಲಿ ಬದುಕುವುದಿಲ್ಲ, ನಾವು ಮಾಡಿ ನೋಡಿದ್ದೇವೆ ಎಂದು ಹೇಳಿ, ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಒಪ್ಪಿಸುತ್ತಾರೆ.

ಆ ದಿನ ಹೊರಡುವಾಗ ನಾನು ಶೋಭಾಬಾಯಿಯ ಎರಡೂ ಕೈ ಹಿಡಿದುಕೊಂಡೆ. ಹೇಳಲು ಬಹಳ ಇತ್ತು. ಬಾಯಿ ತೆರೆಯುವುದರೊಳಗೆ ಅವರು, "ಹೌದ್ರಿ ಅಕ್ಕಾ, ಆತ ಬಿಡ್ರಿ, ಲಾರಿ ನಿಂತೈತಿ, ಕೆಲಸ ಭಾಳ ಐತಿ" ಎಂದು ಕೈ ಬಿಡಿಸಿಕೊಂಡು ನಡೆದುಬಿಟ್ಟರು.

ಗಾಡಿಯಲ್ಲಿ ಕೂತ ಮೇಲೆ ನನಗೆ ನನ್ನ ವಾರ್ಡಿನ ಬಾಗಿಲು ಕಣ್ಣ ಮುಂದೆ ಬಂತು. ಗುಣವಾಗಿ ಹೊರಟವರು, ಅವರ ತಾಯಿಯರು, ಹೆಂಡಂದಿರು ನನ್ನ ಕೈ ಹಿಡಿದುಕೊಳ್ಳಲು ಬರುತ್ತಿದ್ದರು. ನಾನೂ ಹೀಗೆಯೇ, "ಆತ್ರಿ ಆತ್ರಿ, ಸರೀರಿ" ಎಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಅವರು ಏನು ಹೇಳಲು ನಿಂತಿದ್ದರು, ಹೇಳದೆ ಹೇಗೆ ಮನೆಗೆ ಹೋದರು ಎಂದು ಅಷ್ಟು ವರ್ಷ ಕೆಲಸ ಮಾಡಿದ ನನಗೆ ಆ ಮಧ್ಯಾಹ್ನ ಗೊತ್ತಾಯಿತು. ಶೋಭಾಬಾಯಿಗೆ ಅಂದು ಹೇಳಲಾಗದೆ ಉಳಿದದ್ದನ್ನು ಈಗ ಇಲ್ಲಿ ಬರೆದಿದ್ದೇನೆ. ಅವರು ಓದುವಾಗಲಾದರೂ ಕೈ ಬಿಡಿಸಿಕೊಂಡು ಹೋಗಲಾರರು.